ನಾಲ್ಕನೇ ಐಪಿ

ಶಾಂತಯ್ಯ ಹಿರೇಮಠ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇನ್ನೂ ಉಸಿರಾಡುತ್ತಿದ್ದ ಮನುಷ್ಯನೊಬ್ಬನ ಹೆಣ ಒಯ್ಯಲು ಅಮ್ಮಿನಬಾವಿಯಿಂದ ಹುಬ್ಬಳ್ಳಿಗೆ ಒಂದು ಟ್ರ್ಯಾಕ್ಟರ್ ತುಂಬ ಜನರನ್ನು ಕರೆಸಿದವನು ಅವನೇ.

ಉಣಕಲ್ ಕೆರೆ ದಾಟಿದ ಮೇಲೆ ಧಾರವಾಡ ರಸ್ತೆಗೆ ಮುಖ ಮಾಡಿ ನಿಂತಿದ್ದ ಡಾಕ್ಟರ್ ರಾಜಶೇಖರರ ಸಣ್ಣ ದವಾಖಾನೆಯಲ್ಲಿ ಅವನು ಕಾರಕೂನ. ಬಂದವರ ಹೆಸರು, ಊರು, ರೋಗ ಬರೆದುಕೊಳ್ಳುವುದು ಅವನ ಕೆಲಸ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ. ತೋರಿಸಿಕೊಂಡು ಮನೆಗೆ ಹೋಗುವ ಔಟ್ ಪೇಶಂಟರು ಓಪಿ ಪುಸ್ತಕಕ್ಕೆ, ಹಾಸಿಗೆ ಹಿಡಿದು ಒಳಗೇ ಉಳಿಯುವ ಇನ್ ಪೇಶಂಟರು ಐಪಿ ಪುಸ್ತಕಕ್ಕೆ. ಶಾಂತಯ್ಯನ ತಲೆ ಬೆಳ್ಳಗಾದದ್ದು ಈ ಎರಡು ಪುಸ್ತಕಗಳ ನಡುವೆ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ಸಂಗತಿಗಳು ಬೇಕಾದಷ್ಟಿದ್ದವು. ಆದರೆ ಐಪಿ ಅಂದರೆ ಏನು ಎಂದು ಅವನಿಗೆ ಇನ್ನೊಬ್ಬರು ಹೇಳಿಕೊಡುವ ಅಗತ್ಯವಿರಲಿಲ್ಲ. ಅದೇ ಮುಳುವಾಯಿತು.

ದವಾಖಾನೆಯ ಭಾಷೆಯ ಗುಣವೊಂದನ್ನೂ ಇಲ್ಲಿ ಹೇಳಬೇಕು. ಅಲ್ಲಿ ಹಾಸಿಗೆಯ ಮೇಲೆ ಬಿದ್ದ ಕೂಡಲೇ ಮನುಷ್ಯ ತನ್ನ ಹೆಸರನ್ನೂ ಲಿಂಗವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ. "ಆರನೇದಕ್ಕ ಸಲೈನ್ ಹಚ್ಚು", "ಒಂಬತ್ತನೇದು ಗಂಜಿ ಕುಡೀತೇನು?" ಎಂದೇ ಮಾತು. ಮನೆಯಲ್ಲಿ ಹತ್ತು ಜನರ ಯಜಮಾನನಾಗಿದ್ದವನೂ ಇಲ್ಲಿ ನಪುಂಸಕಲಿಂಗ. ಇದರಲ್ಲಿ ಅವಮಾನ ಮಾಡುವ ಉದ್ದೇಶವೇನಿಲ್ಲ. ಕೆಲಸದವರಿಗೆ ಪುರುಸೊತ್ತಿಲ್ಲ, ಅಷ್ಟೇ.

ಬ್ರಾಡ್‌ಬ್ಯಾಂಡ್ ಎಂಬುದು ಹುಬ್ಬಳ್ಳಿಗೆ ಹೊಸದಾಗಿ ಬಂದಿದ್ದ ಕಾಲ. ಡಾಕ್ಟರು ದವಾಖಾನೆಗೆ ಕೆಲವು ಕಂಪ್ಯೂಟರ್ ತರಿಸಿದರು. ಒಂದು ಅವರ ಕೋಣೆಗೆ, ಒಂದು ಔಷಧ ಅಂಗಡಿಗೆ, ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ, ಒಂದು ಶಾಂತಯ್ಯನ ಮೇಜಿಗೆ. ಎಲ್ಲವನ್ನೂ ಒಂದಕ್ಕೊಂದು ಜೋಡಿಸಲು ಕೊಪ್ಪೀಕರ ರಸ್ತೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೇಳಿ, ಶಾಂತಯ್ಯನನ್ನು ಕರೆದರು.

"ಶಾಂತಯ್ಯನವರ, ಶಶಿಕಾಂತ ಅಂತ ಇಂಜಿನಿಯರ್ ಫೋನ್ ಮಾಡ್ತಾರ. ಅವರು ಏನ್ ಕೇಳ್ತಾರ ಅದನ್ನ ಕೊಟ್ಟುಬಿಡ್ರಿ. ನೆಟ್‌ವರ್ಕಿನ ಜವಾಬ್ದಾರಿ ನಿಮ್ದು. ನನಗ ಆಪರೇಷನ್ ಅದಾವ."

ಅಂದು ಸಂಜೆ ಕಮರಿಪೇಟೆಯ ಮನೆಯಲ್ಲಿ ಶಾಂತಯ್ಯ ಅಂಗಿ ಬಿಚ್ಚದೆಯೇ ಕುಳಿತು ಚಹಾ ಕುಡಿದ. ಹೆಂಡತಿ ಚನ್ನಬಸವ್ವ ಕಾರಣ ಕೇಳಿದಾಗ, "ನೆಟ್‌ವರ್ಕ್ ಇನ್‌ಚಾರ್ಜ್ ಮಾಡ್ಯಾರ" ಎಂದ. ಚನ್ನಬಸವ್ವ ಇದನ್ನು ಹಿಟ್ಟಿನ ಗಿರಣಿಯಲ್ಲಿ ಹೇಳಿದಳು. ಜೋಳ ಹಿಟ್ಟಾಗುವಷ್ಟರಲ್ಲಿ ಅವನು ಕಂಪ್ಯೂಟರ್ ಇಂಜಿನಿಯರ್ ಆಗಿದ್ದ. ಮರುದಿನ ಓಣಿಯವರೊಬ್ಬರು ಕೆಟ್ಟ ಟೀವಿಯೊಂದನ್ನು ಹೊತ್ತು ತಂದು ಅವನ ಕಟ್ಟೆಯ ಮೇಲೆ ಇಟ್ಟು ಹೋದರು. "ಸಾವಕಾಶ ನೋಡ್ರಿ, ಗಡಿಬಿಡಿ ಇಲ್ಲ." ಶಾಂತಯ್ಯ ಟೀವಿಯ ಹಿಂಭಾಗವನ್ನು ಬಹಳ ಹೊತ್ತು ನೋಡಿ, "ಇದರ ನೆಟ್‌ವರ್ಕ್ ಹೋಗೇತಿ" ಎಂದು ಷರಾ ಬರೆದವರ ಹಾಗೆ ಹೇಳಿದ.

ಇಂಥ ಸ್ಥಾನಕ್ಕೆ ಏರಿದವನು ಮರುದಿನ ಫೋನಿನಲ್ಲಿ ಶಶಿಕಾಂತನಿಗೆ "ಐಪಿ ಅಂದ್ರ ಏನ್ರಿ" ಎಂದು ಕೇಳುವುದು ಸಾಧ್ಯವೇ?

"ಶಾಂತಯ್ಯನವರ, ನೆಟ್‌ವರ್ಕ್ ಇನ್‌ಚಾರ್ಜ್ ನೀವ ಅಲ್ರಿ?"

"ನಾನ ರೀ."

"ಛಲೋ ಆತು. ನಾಳೆ ರೌಟರ್ ತರ್ತೇನಿ. ನಿಮ್ಮಲ್ಲಿ ಇರೂ ಐಪಿ ಅಡ್ರೆಸ್ ಎಲ್ಲಾ ಒಂದು ಹಾಳ್ಯಾಗ ಬರದು ಇಡ್ರಿ."

"ಅದರಾಗೇನೈತ್ರಿ. ಈಗ ಬರದು ಇಡ್ತೇನಿ."

"ಒಂದ ಮಾತು ನೆನಪಿಡ್ರಿ. ಒಂದ ಅಡ್ರೆಸ್ ಎರಡಕ್ಕ ಇರಬಾರದು. ಇದ್ರ ಜಗಳ ಬೀಳ್ತಾವ, ಎರಡೂ ಬಂದ್ ಆಗಿಬಿಡ್ತಾವ."

ಶಾಂತಯ್ಯ ಐಪಿ ಪುಸ್ತಕ ತೆರೆದ. ಒಳಗೆ ಮಲಗಿದ್ದವರೆಲ್ಲರ ವಿಳಾಸಗಳನ್ನು ಹಾಸಿಗೆಯ ಕ್ರಮದಲ್ಲಿ ದುಂಡಗೆ ಬರೆದ. ಎರಡನೇ ಮತ್ತು ಮೂರನೇ ಹಾಸಿಗೆಗೆ ಬಂದಾಗ ಪೆನ್ನು ನಿಂತಿತು. ಬಂದೇನವಾಜ ಮತ್ತು ಅಬ್ದುಲಮಜೀದ ಖಾಸಾ ಅಣ್ಣತಮ್ಮಂದಿರು, ಹಳೇ ಹುಬ್ಬಳ್ಳಿಯವರು, ಒಂದೇ ವಾರ ಇಬ್ಬರಿಗೂ ಕಾಮಾಲೆ. ವಿಳಾಸವೂ ಒಂದೇ. ಅವನು ಮೆಟ್ಟಿಲೇರಿ ವಾರ್ಡಿಗೆ ಹೋದ.

"ನಿಮ್ಮಿಬ್ಬರದೂ ಒಂದ ಅಡ್ರೆಸ್ ಐತಿ. ಹಂಗ ಇರಬಾರದಂತ. ಇದ್ರ ಜಗಳ ಬೀಳ್ತಾವಂತ, ಕಡೀಕ ಇಬ್ಬರೂ ಬಂದ್ ಆಗ್ತೀರಂತ."

ಹಳದಿ ಕಣ್ಣಿನ ಬಂದೇನವಾಜ ಎದ್ದು ಕುಳಿತ. "ಯಾರ ಹೇಳಿದ್ರು? ನಮ್ಮ ತಮ್ಮ ಹೇಳಿದ್ನೇನು?"

"ಕಂಪ್ಯೂಟರಿನವರು ಹೇಳ್ಯಾರ."

"ನೋಡ್ರಿ! ಕಂಪ್ಯೂಟರಿಗೂ ಗೊತ್ತಾತು! ನಡುವ ಒಂದು ಗೋಡಿ ಹಾಕೂಣು ಅಂತ ನಾ ಬಡ್ಕೋಳಾಕತ್ತೇನಿ, ಇಂವಾ ಕೇಳವಲ್ಲ."

ಪಕ್ಕದ ಹಾಸಿಗೆಯ ಅಬ್ದುಲಮಜೀದನೂ ಎದ್ದ. "ಗೋಡಿ ಹಾಕಿದ್ರ ನಳ ಯಾರ ಕಡೆ ಬರ್ತೈತಿ, ಅದನ್ನೂ ಕೇಳ್ರಿ ಕಂಪ್ಯೂಟರಿಗೆ!"

ಸಲೈನ್ ಬಾಟಲಿಗಳು ಗುಡಿಯ ಗಂಟೆಗಳಂತೆ ತೂಗಾಡಿದವು. ಆಯಾ ದುರಗವ್ವ ಕಸಬರಿಗೆ ಹಿಡಿದು ನಡುವೆ ನಿಂತದ್ದರಿಂದ ಅನಾಹುತ ತಪ್ಪಿತು. ಕೊನೆಗೆ ತಮ್ಮ ತನ್ನ ಮಾವನ ಮನೆಯ ವಿಳಾಸ ಬರೆಸಿ, ಗೋಡೆಯ ಕಡೆ ಹೊರಳಿ ಮಲಗಿದ. ಶಾಂತಯ್ಯನಿಗೆ ಕಂಪ್ಯೂಟರಿನ ಮೇಲೆ ಭಯಭಕ್ತಿ ಹುಟ್ಟಿದ್ದು ಆಗ. ಊರವರಿಗೇ ಗೊತ್ತಿಲ್ಲದ ಮನೆಯ ಜಗಳ ಅದಕ್ಕೆ ಹೇಗೆ ಗೊತ್ತಾಯಿತು?

ಮರುದಿನ ಶಶಿಕಾಂತ ಬಂದ. ಮಾತು ಮುಗಿಯುವ ಮೊದಲೇ ಹೊರಟುನಿಲ್ಲುವ ಜಾತಿಯವನು. ಶಾಂತಯ್ಯ ಕೊಟ್ಟ ಹಾಳೆಯನ್ನು ನೋಡದೆಯೇ ಮಡಚಿ ಕಿಸೆಗೆ ಹಾಕಿಕೊಂಡು, ಹಸಿರು ದೀಪ ಮಿಟುಕಿಸುವ ಸಣ್ಣ ಪೆಟ್ಟಿಗೆಯೊಂದನ್ನು ಗೋಡೆಗೆ ಜಡಿದ.

"ಇದ ನೋಡ್ರಿ ರೌಟರ್. ಎಲ್ಲಾಕ್ಕೂ ಅಡ್ರೆಸ್ ಹಂಚೂದು ಇದ. ಬಂದಾಗ ಒಂದು ಅಡ್ರೆಸ್ ಕೊಡ್ತದ, ಹೋದ ಮ್ಯಾಲ ಅದನ್ನ ಮತ್ತೊಂದಕ್ಕ ಕೊಡ್ತದ."

"ಹಾಸಿಗಿ ಇದ್ದಂಗ ಅನ್ರಿ."

"ಬರೋಬ್ಬರಿ ಹೇಳಿದ್ರಿ ನೋಡ್ರಿ! ನಿಮಗ ಲಗೂನ ತಿಳೀತು. ಇನ್ನ ಕಾಯಂ ಅಡ್ರೆಸ್ ಯಾವುದಕ್ಕ ಕೊಡೂಣು? ಎಲ್ಲೂ ಹೋಗದ, ಇದ್ದಲ್ಲೇ ಇರೂದು ಯಾವುದೈತಿ?"

ಶಾಂತಯ್ಯ ಸ್ವಲ್ಪ ಯೋಚಿಸಿದ. ನಾಲ್ಕನೇ ಹಾಸಿಗೆಯಲ್ಲಿ ಅಮ್ಮಿನಬಾವಿಯ ರೈತ ಶಿದ್ದಪ್ಪ ಇದ್ದ. ಹೊಟ್ಟೆನೋವೆಂದು ಬಂದು ಬಹಳ ದಿನವಾಗಿತ್ತು. ತಿಂದದ್ದು ದಕ್ಕುತ್ತಿರಲಿಲ್ಲ, ಎಷ್ಟು ಔಷಧ ಕೊಟ್ಟರೂ ನೋವು ಇಳಿಯುತ್ತಿರಲಿಲ್ಲ.

"ನಾಲ್ಕನೇದಕ್ಕ ಕೊಟ್ಟುಬಿಡ್ರಿ. ಅದು ಎಲ್ಲೂ ಹೋಗೂ ಲಕ್ಷಣ ಇಲ್ಲ."

"ಆತು, ನಾಲ್ಕನೇದು ಕಾಯಂ," ಎಂದು ಶಶಿಕಾಂತ ಏನನ್ನೋ ಟಕಟಕ ಒತ್ತಿದ. "ಇನ್ನ ನಿಮಗ ಚಿಂತಿ ಇಲ್ರಿ. ನಾ ಅಲ್ಲೇ ನನ್ನ ಅಂಗಡ್ಯಾಗ ಕುಂತು ನೋಡ್ತೇನಿ. ಯಾವುದು ಜೀವಂತ ಐತಿ, ಯಾವುದು ಸತ್ತೈತಿ, ಎಲ್ಲಾ ಗೊತ್ತಾಗ್ತದ. ಅಲ್ಲಿಂದ ಕೂಗಿದ್ರ ಇಲ್ಲಿ ಓ ಅಂತಾವ."

ಆವತ್ತಿನಿಂದ ಅವನು ಆ ಪೆಟ್ಟಿಗೆಯ ಮುಂದೆ ಹಾಯುವಾಗ ಚಪ್ಪಲಿ ಬಿಡದಿದ್ದರೂ ದನಿ ತಗ್ಗಿಸುತ್ತಿದ್ದ.

ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಅವನು ಬಂದು ಕುಳಿತಿದ್ದನೋ ಇಲ್ಲವೋ, ಫೋನ್ ಬಂತು.

"ಶಾಂತಯ್ಯನವರ, ಶಶಿಕಾಂತ ಮಾತಾಡೂದು. ನಿಮ್ಮ ನಾಲ್ಕನೇ ಐಪಿ ಸತ್ತೈತಲ್ರಿ."

"ಏನಂದ್ರಿ?"

"ಎಷ್ಟ ಸಲ ಕೂಗಿದ್ರೂ ಉತ್ತರ ಕೊಡವಲ್ದು. ನಿನ್ನೆ ಸಂಜೀತನಕ ಛಲೋ ಇತ್ತು. ಒಂದೀಟು ಹೋಗಿ ನೋಡ್ರಿ."

ಈ ಮಾತಿನ ನಿಜಸ್ಥಿತಿ ಇಷ್ಟು: ಲ್ಯಾಬಿನಲ್ಲಿ ನೆಲ ಒರೆಸುವಾಗ ದುರಗವ್ವ ಕಾಲಿಗೆ ತೊಡರುತ್ತಿದ್ದ ಒಂದು ವಾಯರನ್ನು ಕಿತ್ತು ಕಿಟಕಿಗೆ ಸಿಗಿಸಿದ್ದಳು. ಆದರೆ ಶಾಂತಯ್ಯ ಲ್ಯಾಬಿಗೆ ಯಾಕೆ ಹೋಗುತ್ತಾನೆ? ಅವನು ವಾರ್ಡಿಗೆ ಓಡಿದ. ನಾಲ್ಕನೇ ಹಾಸಿಗೆ ಖಾಲಿ. ಗಾದಿ ಸುತ್ತಿಟ್ಟಿತ್ತು. ಬರೀ ಕಬ್ಬಿಣದ ಮಂಚದ ಮೇಲೆ ಫಿನಾಯಿಲಿನ ವಾಸನೆ ಮಲಗಿತ್ತು.

"ದುರಗವ್ವಾ, ನಾಲ್ಕನೇದು?"

ದುರಗವ್ವ ಬಕೀಟಿನಿಂದ ಕತ್ತೆತ್ತದೆ ಹೇಳಿದಳು. "ಒಯ್ದ್ರಲ್ರಿ."

"ಯಾವಾಗ?"

"ಆಗಳೇ ಒಯ್ದ್ರು, ವ್ಯಾನಿನ್ಯಾಗ ಹಾಕ್ಕೊಂಡು. ಪಾಪ, ಎಷ್ಟ ಹಗುರ ಆಗಿತ್ತ್ರಿ ಜೀವ. ಹುಲ್ಲಿನ ಹೊರಿ ಎತ್ತಿದಂಗ ಎತ್ತಿದ್ರು."

"ನನಗೊಂದು ಮಾತು ಹೇಳಬಾರದೇನು?"

"ನಿಮಗ್ಯಾಕ ಹೇಳಬೇಕ್ರಿ? ಡಾಕ್ಟರ ಕಳಿಸ್ಯಾರ. ಶಿದ್ದಪ್ಪನ ಅಕ್ಕನ ಮಗ ಕಲ್ಲೇಶ ಜೋಡಿ ಹೋಗ್ಯಾನ."

ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ಅಲ್ಲಿ ಬಾಗಿಲು ಬಡಿದವನ ಕೆಲಸ ಹೋಗುತ್ತದೆಂದು ಹಿಂದೆಯೇ ಅಪ್ಪಣೆಯಾಗಿತ್ತು. ಹೆಣವನ್ನು ದೊಡ್ಡ ದವಾಖಾನೆಯ ಶವಾಗಾರಕ್ಕೆ ಒಯ್ದಿರಬೇಕೆಂದು ಶಾಂತಯ್ಯ ತಾನೇ ತೀರ್ಮಾನಿಸಿದ. ಸತ್ತವರ ಮನೆಗೆ ಸುದ್ದಿ ಮುಟ್ಟಿಸುವುದು ಕಾರಕೂನನ ಧರ್ಮ. ಅವನು ಕಣ್ಣೊರೆಸಿಕೊಂಡು, ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಅದು ಅಮ್ಮಿನಬಾವಿಯ ಕಿರಾಣಿ ಅಂಗಡಿಯದು. ಎತ್ತಿದವನು ಅಂಗಡಿಕಾರ ದತ್ತು.

"ಹುಬ್ಬಳ್ಳಿ ದವಾಖಾನಿಯಿಂದ ಮಾತಾಡಾಕತ್ತೇನ್ರಿ. ಮನಸ ಗಟ್ಟಿ ಮಾಡ್ಕೋರಿ."

"ನಾ ಯಾಕ ಗಟ್ಟಿ ಮಾಡ್ಕೋಬೇಕ್ರಿ? ನಂದು ಕಿರಾಣಿ ಅಂಗಡಿ."

"ನಿಮ್ಮೂರ ಶಿದ್ದಪ್ಪನವರು ಹೋದ್ರು."

"ಎಲ್ಲಿಗೆ?"

"ಮ್ಯಾಲೆ ಹೋದ್ರು ರೀ, ಮ್ಯಾಲೆ!"

ದತ್ತು ಫೋನಿಡುವುದನ್ನೂ ಮರೆತು ಓಣಿಗೆ ಓಡಿದ. ಶಾಂತಯ್ಯನ ಕಿವಿಗೆ ಬಹಳ ಹೊತ್ತು ಅಮ್ಮಿನಬಾವಿಯ ಕೋಳಿಗಳ ಸದ್ದು ಕೇಳಿಸಿತು. ಆಮೇಲೆ ಒಂದು ಹೆಣ್ಣುದನಿಯ ಚೀರಾಟ.

ಶಿದ್ದಪ್ಪನಿಗೆ ಹೆಂಡತಿ ಹುಲಿಗೆವ್ವ ಇದ್ದಳು. ಒಂದೇ ಅಂಗಳದ ಇನ್ನೊಂದು ಬಾಗಿಲಲ್ಲಿ ತಮ್ಮ ಗೋವಿಂದಪ್ಪ ಇದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟು ವರ್ಷವಾಯಿತೆಂದು ಊರಿಗೇ ಮರೆತುಹೋಗಿತ್ತು. ಹೊಲದ ಬದುವಿನ ಮೇಲಿನ ಬೇವಿನ ಗಿಡ ಯಾರದು ಎಂಬುದು ಪ್ರಶ್ನೆ. ಗಿಡ ಒಣಗಿ, ಬಿದ್ದು, ಯಾರದೋ ಒಲೆಯಲ್ಲಿ ಉರಿದು ಹೋದ ಮೇಲೂ ಪ್ರಶ್ನೆ ಮಾತ್ರ ಹಸಿರಾಗಿತ್ತು. ಅಣ್ಣ ದವಾಖಾನೆ ಸೇರಿದ್ದು ಗೊತ್ತಿದ್ದೂ ಗೋವಿಂದಪ್ಪ ಒಂದು ದಿನ ನೋಡಲು ಹೋಗಿರಲಿಲ್ಲ.

ಸುದ್ದಿ ಬಂದಾಗ ಮೊದಲು ಎದ್ದವನು ಅವನೇ. ಕುಣಿ ತೋಡಲು ಆಳು ಕಳಿಸಿದ, ಭಜನೆಯವರಿಗೆ ಹೇಳಿದ, ಟ್ರ್ಯಾಕ್ಟರ್ ತಂದ, ಅತ್ತಿಗೆಯನ್ನು ಕೈಹಿಡಿದು ಹತ್ತಿಸಿದ. ದಾರಿಯುದ್ದಕ್ಕೂ ಅವನು ಅಳಲಿಲ್ಲ. ಉಣಕಲ್ಲಿನ ಹತ್ತಿರ ದವಾಖಾನೆಯ ಗೇಟು ಕಂಡ ಕೂಡಲೇ ಧುಮುಕಿ, ಗೇಟಿನ ಕಬ್ಬಿಣಕ್ಕೆ ಹಣೆ ಚಚ್ಚಿಕೊಳ್ಳತೊಡಗಿದ.

"ಅಣ್ಣಾ! ಗಿಡ ನಿಂದ ಐತೋ! ನಿಂದ ಐತಿ ಗಿಡ! ಒಂದ ಸಲ ಕಣ್ಣ ತಗಿಯೋ ನಮ್ಮಪ್ಪಾ!"

ಅದೇ ವೇಳೆಗೆ, ವಿದ್ಯಾನಗರದಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಸರದಿಯಲ್ಲಿ ಅರ್ಧ ದಿನ ಕಳೆದಿದ್ದ ಶಿದ್ದಪ್ಪನ ವ್ಯಾನು ಹಿಂದಿನಿಂದ ಬಂದು ನಿಂತಿತು. ಗೇಟಿಗೆ ಟ್ರ್ಯಾಕ್ಟರ್ ಅಡ್ಡ. ಶಿದ್ದಪ್ಪ ಕಿಟಕಿಯಿಂದ ತಲೆ ಹೊರಹಾಕಿದ. ಎದೆ ಬಡಿದುಕೊಳ್ಳುತ್ತಿದ್ದ ಹೆಂಗಸರೆಲ್ಲ ತನ್ನೂರಿನವರೇ. ಗೇಟಿಗೆ ಹಣೆ ಚಚ್ಚುತ್ತಿದ್ದವನ ಬೆನ್ನು ಕೂಡ ಗುರುತಿನದೇ. ಅವನು ಪಕ್ಕದಲ್ಲಿದ್ದ ಕಲ್ಲೇಶನ ತೊಡೆ ತಿವಿದ.

"ಕಲ್ಲ್ಯಾ, ಕೇಳಿದ್ಯಾ? ಗಿಡ ನಂದಂತ. ಸಾಕ್ಷಿ ನೀನ."

ಗೋವಿಂದಪ್ಪ ತಿರುಗಿದ. ಅವನ ಬಾಯಿ ತೆರೆದೇ ಉಳಿಯಿತು. ಹೆಂಗಸರ ಹಾಡಿನ ಅಳು ಒಂದೊಂದೇ ಗಂಟಲಲ್ಲಿ ನಿಂತಿತು. ಭಜನೆಯ ತಾಳದವನೊಬ್ಬ ಮಾತ್ರ ಟ್ರ್ಯಾಕ್ಟರಿನ ಹಿಂದೆ ಕುಳಿತಿದ್ದರಿಂದ ಏನೂ ಕಾಣದೆ ಇನ್ನೂ ಸ್ವಲ್ಪ ಹೊತ್ತು ಬಾರಿಸಿದ. ಹುಲಿಗೆವ್ವ ವ್ಯಾನಿನ ಬಳಿ ಬಂದಳು. ಗಂಡನ ಗಡ್ಡ, ಕಿವಿ, ಮೂಗು ಮುಟ್ಟಿ ನೋಡಿದಳು. ಆಮೇಲೆ ಎರಡೂ ಕೈಯಿಂದ ಅವನ ಭುಜಕ್ಕೆ ಗುದ್ದಿದಳು.

"ಎಲ್ಲಿ ಸಾಯಾಕ ಹೋಗಿದ್ರಿ ಇಷ್ಟೊತ್ತು?"

ಗದ್ದಲ ಕೇಳಿ ಶಾಂತಯ್ಯ ಹೊರಗೆ ಬಂದ. ಸಂತಾಪ ಹೇಳಲು ಕೈ ಮುಗಿದೇ ಬಂದಿದ್ದ. ಒಂದು ಹೂವಿನ ಮಾಲೆಯೂ ಕೈಯಲ್ಲಿತ್ತು. ಶಿದ್ದಪ್ಪನನ್ನು ಕಂಡು ಕೈ ಬಿಡಿಸಲು ಮರೆತು ಹಾಗೆಯೇ ನಿಂತ.

"ನೀವು ತೀರ್ಕೊಂಡೀರಲ್ರಿ!"

"ಯಾರ ಹೇಳಿದ್ರು?" ಎಂದ ಶಿದ್ದಪ್ಪ.

"ಕಂಪ್ಯೂಟರ್ ಹೇಳ್ತ್ರಿ."

ಸಿಟ್ಟಿಗೆ ಈಗ ಒಂದು ದಿಕ್ಕು ಸಿಕ್ಕಿತು. ಅಮ್ಮಿನಬಾವಿಯವರು ಶಾಂತಯ್ಯನನ್ನು ಸುತ್ತುಗಟ್ಟಿದರು. "ಕುಣಿ ತೋಡಿಸಿ ಬಂದೇವಲೇ! ತೋಡಿದ ಕುಣಿ ಬರೇದ ಮುಚ್ಚಬಾರದು, ಅದಕ್ಕ ಯಾರನ್ನ ಹಾಕೂಣು?" ಎಂದು ಹಿರಿಯರೊಬ್ಬರು ಶಾಸ್ತ್ರದ ಪ್ರಶ್ನೆ ಎತ್ತಿದರು.

"ಈ ಕಾರಕೂನಗ ಅಳತಿ ಆಗ್ತೈತೇನು ನೋಡ್ರಿ," ಎಂದು ಶಿದ್ದಪ್ಪ ವ್ಯಾನಿನೊಳಗಿಂದ ಸೂಚಿಸಿದ.

ಕೊನೆಗೆ ಕುಂಬಳಕಾಯಿ ಹಾಕುವುದೆಂದು ತೀರ್ಮಾನವಾದ್ದರಿಂದ ಶಾಂತಯ್ಯ ಉಳಿದ. ಮಾಲೆಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಟ್ರ್ಯಾಕ್ಟರಿಗೆ ಹಾಕಿದ.

ಡಾಕ್ಟರರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಶಶಿಕಾಂತನನ್ನೂ ಕರೆಸಿದ್ದರು. ಅವನು ಕಿಸೆಯಲ್ಲಿ ಉಳಿದುಹೋಗಿದ್ದ ಹಾಳೆಯನ್ನು ಮೊದಲ ಸಲ ಬಿಚ್ಚಿ ಓದಿದ. "ನಾಲ್ಕು. ಶಿದ್ದಪ್ಪ, ಮುಕ್ಕಾಂ ಅಮ್ಮಿನಬಾವಿ, ದೊಡ್ಡ ಬಾವಿಯ ಹಿಂದೆ." ಓದಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಡಾಕ್ಟರು ನಗಲಿಲ್ಲ.

"ಸರ್," ಎಂದ ಶಾಂತಯ್ಯ, "ಐಪಿ ಅಂದ್ರ ಐಪಿ ಅಲ್ಲೇನ್ರಿ?"

"ನಮ್ಮ ಐಪಿ ಬ್ಯಾರೆ, ನಿಮ್ಮ ಐಪಿ ಬ್ಯಾರೆ ರೀ," ಎಂದು ಶಶಿಕಾಂತ ಕಣ್ಣೊರೆಸಿಕೊಂಡ. "ಪ್ರತಿ ಕಂಪ್ಯೂಟರಿಗೂ ರೌಟರ್ ಒಂದೊಂದು ನಂಬರ್ ಕೊಡ್ತದ. ಅದಕ್ಕ ಐಪಿ ಅಡ್ರೆಸ್ ಅಂತೇವಿ. ಅದರ ಕಡೀ ಅಂಕಿ ನಾಲ್ಕು ಇತ್ತು, ಅಂದ್ರ ಲ್ಯಾಬಿನ ಕಂಪ್ಯೂಟರ್. ವಾಯರ್ ಕಿತ್ತಿತ್ತು, ಅಷ್ಟ. ನಮ್ಮ ಐಪಿಗೆ ಜೀವನೂ ಇಲ್ಲ, ಸಾವೂ ಇಲ್ರಿ."

"ಮತ್ತ ನೀವು ಸತ್ತೈತಿ ಅಂದ್ರಿ?"

ಶಶಿಕಾಂತ ಹಾಳೆಯನ್ನು ಮತ್ತೆ ಮಡಚಿ ಕಿಸೆಗೆ ಹಾಕಿಕೊಂಡ.

"ಕೇಳಾಕ ಏನಾಗಿತ್ತ್ರಿ ನಿಮಗ?" ಎಂದರು ಡಾಕ್ಟರು. "ತಿಳೀದಿದ್ರ ಕೇಳಬೇಕು." ಅಷ್ಟೇ ಹೇಳಿ ಶಾಂತಯ್ಯನ ಮೇಜಿನ ಕಂಪ್ಯೂಟರನ್ನು ತೆಗೆಸಿದರು. ಅವನಿಗೆ ಮತ್ತೆ ಎರಡು ಪುಸ್ತಕಗಳೇ ಗತಿಯಾದವು. ಕಮರಿಪೇಟೆಯಲ್ಲಿ ಕೆಟ್ಟ ಟೀವಿ ಇಟ್ಟು ಹೋಗಿದ್ದವರು ರಾತ್ರೋರಾತ್ರಿ ಬಂದು ಟೀವಿ ಒಯ್ದರು. "ಅವರು ಮುಟ್ಟಿದ್ರ ಇದ್ದದ್ದೂ ಸಾಯ್ತೈತಿ" ಎಂದು ಗಿರಣಿಯಲ್ಲಿ ಯಾರೋ ಅಂದದ್ದನ್ನು ಚನ್ನಬಸವ್ವ ಮನೆಗೆ ಬಂದು ಗಂಡನಿಗೆ ಹೇಳಲಿಲ್ಲ. ಆ ವಾರವೆಲ್ಲ ಅವಳು ದೂರದ ಗಿರಣಿಗೆ ಹೋಗಿಬಂದಳು.

ಆದರೆ ಅಂದು ವಿಚಾರಣೆ ಮುಗಿದ ಮೇಲೆ ಇನ್ನೊಂದು ಮಾತು ನಡೆಯಿತು. ಡಾಕ್ಟರು ಗೋವಿಂದಪ್ಪನನ್ನು ಪಕ್ಕಕ್ಕೆ ಕರೆದು, ಸ್ಕ್ಯಾನಿಂಗಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಶಾಂತಯ್ಯ ಅಲ್ಲೇ ಬಾಗಿಲಲ್ಲಿದ್ದ, ಎಲ್ಲ ಕೇಳಿಸಿತು. ಗಡ್ಡೆ ಹೊಟ್ಟೆಯ ತುಂಬ ಹಬ್ಬಿತ್ತು. ಕೊಯ್ಯುವಂತಿಲ್ಲ, ಇನ್ನು ನೋವು ಕಡಿಮೆ ಮಾಡುವುದಷ್ಟೇ. ಹೊರಗೆ ಟ್ರ್ಯಾಕ್ಟರಿನವರು ಇನ್ನೂ ನಗುತ್ತಿದ್ದರು. ಶಾಂತಯ್ಯ ಕೊಟ್ಟ ಸುದ್ದಿ ಸುಳ್ಳಾಗಿರಲಿಲ್ಲ, ಸ್ವಲ್ಪ ಮುಂಚೆ ಮುಟ್ಟಿತ್ತು.

ಗೋವಿಂದಪ್ಪ ಊರಿಗೆ ಹೋಗಲಿಲ್ಲ. ಎಮ್ಮೆ ನೋಡಿಕೊಳ್ಳಲು ಹುಲಿಗೆವ್ವನನ್ನು ಊರಿಗೆ ಕಳಿಸಿ, ಅಣ್ಣನ ಮಂಚದ ಕೆಳಗೆ ಚಾಪೆ ಹಾಸಿದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಇಷ್ಟು ವರ್ಷ ಬಿಟ್ಟ ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಗೋವಿಂದಪ್ಪ ಮೋಸಂಬಿ ಸುಲಿದು ಬೀಜ ತೆಗೆದು ಕೊಡುತ್ತಿದ್ದ, ಶಿದ್ದಪ್ಪ ಹುಳಿ ಅನ್ನುತ್ತಿದ್ದ.

ಶಾಂತಯ್ಯ ನಾಚಿಕೆಯಿಂದ ದಿನಾ ಬಂದು ನಿಲ್ಲುತ್ತಿದ್ದ. ಬಂದ ಕೂಡಲೇ ಶಿದ್ದಪ್ಪ ಕೇಳುತ್ತಿದ್ದ, "ಶಾಂತಯ್ಯ, ನಿನ್ನ ಪೆಟಗಿ ಏನಂತೈತಿ ಇವತ್ತ? ನಾ ಅದೀನೋ, ಹೋಗೀನೋ?"

"ಅದೀರಂತ್ರಿ."

"ಬರೋಬ್ಬರಿ ಕೇಳಿ ಬಾ. ಮತ್ತ ನಮ್ಮ ತಮ್ಮ ಗೇಟಿಗೆ ಹಣಿ ಒಡ್ಕೊಂಡಾನು."

ಗೋವಿಂದಪ್ಪ ತಲೆ ಮೇಲೆತ್ತದೆ ಮೋಸಂಬಿ ಸುಲಿಯುತ್ತಿದ್ದ.

ಒಂದು ಮುಂಜಾನೆ ಶಿದ್ದಪ್ಪ ಗೆಲುವಾಗಿದ್ದ. ಚಹಾ ಕೇಳಿ ಕುಡಿದ. "ನಿನ್ನ ಮೈ ನಾರಾಕತ್ತೈತಿ, ಹೋಗಿ ಜಳಕಾ ಮಾಡ್ಕೊಂಡು ಬಾ. ಬರೂಮುಂದ ನಿಮ್ಮ ವೈನಿ ಕಡೆಯಿಂದ ಎರಡು ಬಿಸಿ ರೊಟ್ಟಿ ಮಾಡಿಸ್ಕೊಂಡು ಬಾ," ಎಂದು ತಮ್ಮನನ್ನು ಊರಿಗೆ, ಅತ್ತಿಗೆಯ ಹತ್ತಿರ ಕಳಿಸಿದ. ಗೋವಿಂದಪ್ಪ ಹೊರಟ ಸ್ವಲ್ಪ ಹೊತ್ತಿಗೆ ಶಾಂತಯ್ಯ ವಾರ್ಡಿಗೆ ಬಂದ. ಶಿದ್ದಪ್ಪ ಏನೂ ಕೇಳಲಿಲ್ಲ. ಶಾಂತಯ್ಯ ಕಾಯ್ದ. ಆಮೇಲೆ ಹತ್ತಿರ ಹೋಗಿ ಕೈ ಮುಟ್ಟಿದ. ಹಣೆ ಮುಟ್ಟಿದ. ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಇಟ್ಟುಕೊಂಡೇ ನಿಂತ. ಡಾಕ್ಟರು ಬಂದರು, ನೋಡಿದರು, ಹೊದಿಕೆಯನ್ನು ಮುಖದ ಮೇಲೆ ಎಳೆದರು.

"ಮನಿಯವರಿಗೆ ಹೇಳ್ರಿ," ಎಂದರು. ಒಂದು ಕ್ಷಣ ಶಾಂತಯ್ಯನ ಮುಖ ನೋಡಿ, "ನೀವ ಹೇಳ್ರಿ," ಎಂದರು.

ಶಾಂತಯ್ಯ ಫೋನ್ ಮಾಡಿದ. ದತ್ತು ದನಿ ಗುರುತು ಹಿಡಿದ.

"ಓಹೋ, ನಮಸ್ಕಾರ್ರಿ! ಯಾವ ಐಪಿ ಸತ್ತೈತ್ರಿ ಇವತ್ತ?"

"ದತ್ತು, ಖರೇ ಹೇಳಾಕತ್ತೇನಿ. ಶಿದ್ದಪ್ಪನವರು ಹೋದ್ರು."

"ವಾಯರ್ ನೋಡ್ರಿ, ವಾಯರ್! ಕಿತ್ತಿರಬೇಕು!" ಅಂಗಡಿಯಲ್ಲಿದ್ದವರ ನಗೆ ಕೇಳಿಸಿತು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಶಾಂತಯ್ಯ ದುರಗವ್ವನನ್ನು ಹೆಣದ ಹತ್ತಿರ ಕೂರಿಸಿ ಬಸ್ಸು ಹಿಡಿದ. ಧಾರವಾಡದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದ. ಅಮ್ಮಿನಬಾವಿಯ ಊರಬಾಗಿಲ ಅಗಸೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಟ್ಟೆಯ ಮೇಲಿದ್ದವರು ಗುರುತಿಸಿ, "ಐಪಿ ಬಂತು, ಐಪಿ ಬಂತು" ಎಂದು ಒಬ್ಬರನ್ನೊಬ್ಬರು ತಿವಿದರು. ದತ್ತು ಅಂಗಡಿಯಿಂದಲೇ ಕೈಯೆತ್ತಿ ಸಲಾಮು ಹೊಡೆದ.

ಗೋವಿಂದಪ್ಪ ಜಳಕ ಮಾಡಿ, ಒದ್ದೆ ಕೂದಲಲ್ಲಿ ಅಂಗಳದ ಹೊರಸಿನ ಮೇಲೆ ಕುಳಿತಿದ್ದ. ಒಳಗೆ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು, ಪಟಪಟ ಸದ್ದು ಹೊರಗೆ ಬರುತ್ತಿತ್ತು.

"ಬರ್ರಿ ಬರ್ರಿ, ಶಾಂತಯ್ಯನವರ! ಕುಂದರ್ರಿ. ಅಣ್ಣ ಕಳಿಸಿದ್ನೇನು, ರೊಟ್ಟಿ ತಡಾ ಆತಂತ?"

ಶಾಂತಯ್ಯ ಕುಳಿತುಕೊಳ್ಳಲಿಲ್ಲ.

"ಗೋವಿಂದಪ್ಪನವರ, ಹೋದ್ರು ರೀ."

ಗೋವಿಂದಪ್ಪ ನಕ್ಕ. ನಗುತ್ತಲೇ ಅವನ ಮುಖ ನೋಡಿದ. ನಗು ಪೂರ್ತಿ ಹೋಗಲಿಲ್ಲ, ಅಲ್ಲೇ ಎಲ್ಲೋ ಸಿಕ್ಕಿಕೊಂಡಿತು.

"ಕಂಪ್ಯೂಟರ್ ಹೇಳ್ತೇನ್ರಿ?"

"ಇಲ್ರಿ. ಈ ಸಲ ನಾ ಮುಟ್ಟಿ ನೋಡಿ ಬಂದೇನಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಹುಲಿಗೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಇಬ್ಬರನ್ನೂ ನೋಡಿ, ಅಲ್ಲೇ ಹೊಸ್ತಿಲಲ್ಲಿ ಕುಸಿದಳು. ಅವಳ ದನಿ ಓಣಿಯ ಉದ್ದಕ್ಕೂ ಹೋಯಿತು.

ಆದರೆ ಯಾರೂ ಬರಲಿಲ್ಲ. ಓಣಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ಅಂಗಳದಲ್ಲಿ ಶಾಂತಯ್ಯ ನಿಂತದ್ದನ್ನು ನೋಡುತ್ತಿದ್ದರು, ನಗಬೇಕೋ ಅಳಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗೋಡೆಯ ಆಚೆಯಿಂದ ಒಬ್ಬಳು ಕೂಗಿ ಕೇಳಿದಳು, "ಹುಲಿಗೆವ್ವಾ, ಈ ಸಲ ಖರೇನೇನ?" ಗೋವಿಂದಪ್ಪ ಹೊರಸಿನಿಂದ ಎದ್ದು ಅತ್ತಿಗೆಯನ್ನು ಹಿಡಿದುಕೊಂಡು ಹೊಸ್ತಿಲಲ್ಲೇ ಕುಳಿತ.

ಶಾಂತಯ್ಯ ಅಂಗಳ ದಾಟಿ ಮೊದಲ ಬಾಗಿಲಿಗೆ ಹೋದ. ಕೈ ಮುಗಿದು, "ಖರೇನ ಹೋದ್ರು ರೀ, ಬರ್ರಿ," ಎಂದ. ಎರಡನೇ ಬಾಗಿಲಿಗೆ ಹೋಗಿ ಅದನ್ನೇ ಹೇಳಿದ. ದತ್ತುವಿನ ಅಂಗಡಿಯ ಮುಂದೆ ನಿಂತು ಹೇಳಿದ. ದತ್ತು ತಕ್ಕಡಿ ಕೆಳಗಿಟ್ಟ, ಅಂಗಡಿಯ ಪರದೆ ಇಳಿಬಿಟ್ಟ. ಹೀಗೆ ಆ ಓಣಿಯ ಒಂದು ಮನೆಯನ್ನೂ ಬಿಡದೆ, ಪರವೂರ ಕಾರಕೂನನೊಬ್ಬ ಆ ಸಾವನ್ನು ಸಾರುತ್ತ ನಡೆದ.

ಕೊನೆಯ ಮನೆಯ ಕಟ್ಟೆಯಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕುಳಿತಿದ್ದಳು. ಅವನು ಹೇಳಿದ್ದನ್ನು ಕೇಳಿ ಕಣ್ಣಿಗೆ ಕೈ ಅಡ್ಡ ಹಿಡಿದು ಅವನನ್ನು ದಿಟ್ಟಿಸಿದಳು.

"ಯಾರ ಹೇಳ್ತಾರ ಇದನ್ನ?"

"ನಾನ ಹೇಳಾಕತ್ತೇನಿ, ಯವ್ವಾ."

ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಕೈ ಕೊಡಪಾ, ಮೆಟ್ಟಿಲ ಇಳೀಬೇಕು," ಎಂದು ಅವನ ಕೈ ಹಿಡಿದು ಎದ್ದಳು.